ಇನ್ನೊಂದೀಟು

ಆ ಊರಿಗೆ ಹೆಸರು ಇತ್ತೋ ಇಲ್ಲವೋ ನನಗೆ ಯಾರೂ ಹೇಳಲಿಲ್ಲ. ನಮ್ಮ ಬಸ್ಸು ಅಲ್ಲಿ ನಿಂತದ್ದು ಡ್ರೈವರನಿಗೆ ಬೆಳಗಿನ ಕಾಫಿ ಬೇಕಾಗಿತ್ತು ಎಂಬ ಒಂದೇ ಕಾರಣಕ್ಕೆ. ಬಸ್ಸಿನಲ್ಲಿ ನಮ್ಮ ಕಡೆಯ ಮೂವತ್ತೊಂದು ಜನ, ನಾನು ಅವರ ಅಡುಗೆಯವಳು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತೆಂಟು ವರ್ಷ ಖಾನಾವಳಿ ನಡೆಸಿದವಳನ್ನು ಪ್ರವಾಸದ ಕಂಪನಿಯವರು ಹುಡುಕಿಕೊಂಡು ಬಂದು, ನಾಲ್ಕು ವಾರಕ್ಕೆ ಅಂತ ವಿಮಾನ ಹತ್ತಿಸಿದ್ದರು. ಪರದೇಶವನ್ನು ಕಣ್ಣಿಂದ ನೋಡಬೇಕು, ಬಾಯಿಗೆ ಮಾತ್ರ ಹಾಕಿಕೊಳ್ಳಬಾರದು ಎನ್ನುವ ಜನ ಅವರು. ಹಿಮದ ಗುಡ್ಡದ ತುದಿಯಲ್ಲಿ ಫೋಟೋ ಹೊಡೆಸಿಕೊಳ್ಳುತ್ತಲೇ "ಗುರುಶಾಂತವ್ವಾರ, ಇವತ್ತು ಝುಣಕ ಮಾಡ್ತೀರೇನ್ರಿ?" ಅಂತ ಕೇಳಿದವರು.

ಆ ಊರಿನ ನಡುವೆ ಕುದುರೆಗಳು ನೀರು ಕುಡಿಯುವ ಒಂದು ಕಲ್ಲಿನ ದೋಣಿ ಇತ್ತು. ಅದರ ಮಗ್ಗುಲಲ್ಲಿ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದೆ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಪಾತ್ರೆ ತುಂಬಿಕೊಂಡು ಹೊರಟೆವು. ಹಿಪ್ಪುನೇರಳೆ ಗಿಡಗಳ ಸಾಲು ದಾಟಿ, ಸುಣ್ಣದ ಭಟ್ಟಿ ದಾಟಿ, ಗುಡ್ಡದ ತಿರುವು ದಾಟಿ ಇಳಿದರೆ ಮುಂದೆ ಅದೇ ಕಲ್ಲಿನ ದೋಣಿ. ಡ್ರೈವರ್ ದಾರಿ ತಪ್ಪಿದೆ ಅಂದುಕೊಂಡು ಇನ್ನೊಮ್ಮೆ ಹೋದ. ಮತ್ತೆ ಅದೇ ದೋಣಿ, ನಾನು ಚೆಲ್ಲಿದ ಕರಿಬೇವಿನ ಎಲೆ ಇನ್ನೂ ಅಲ್ಲೇ ಇತ್ತು. ಮೂರನೆಯ ಸಲ ಬಂದಾಗ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಅಜ್ಜಿ ಬಸ್ಸಿನ ಕಿಟಕಿ ಬಡಿದು, ಒಲೆಯ ಕರಿ ಕಲೆ ತೋರಿಸಿ, ಆಮೇಲೆ ನನ್ನನ್ನು ತೋರಿಸಿದಳು. ನಮ್ಮ ಮ್ಯಾನೇಜರ್ ಮಾರ್ತಾಂಡಪ್ಪ ಅವಳ ಹತ್ತಿರ ಕೈಸನ್ನೆಯಲ್ಲಿ ಮಾತಾಡಿ ಬೆವರು ಒರೆಸಿಕೊಳ್ಳುತ್ತ ಬಂದ. "ಅಕ್ಕಾರ, ಒಲಿ ಹಚ್ಚಿದವ್ರು ಇಳೀಬೇಕಂತ್ರಿ. ಹುಚ್ಚ ಮುದುಕಿ ಇರಬೇಕು. ಒಂದ ಸಲ ಇಳಿದು ನೋಡ್ರಿ, ಆಕಿ ಸಮಾಧಾನಕ್ಕ."

ಇಳಿದೆ. ಅಜ್ಜಿಯ ಸನ್ನೆಯಂತೆ ನನ್ನ ಚೀಲ, ಅಡುಗೆ ಸಾಮಾನೂ ಇಳಿದವು. ಬಸ್ಸು ಹೋಯಿತು. ಮತ್ತೆ ಬರಲಿಲ್ಲ.

ಎಂಟನೆಯ ದಿನ ಮಾರ್ತಾಂಡಪ್ಪ ಪಾಪ ಒಂದು ಕಾರು ಮಾಡಿಕೊಂಡು ಬಂದ. ನನ್ನನ್ನು ಕೂರಿಸಿಕೊಂಡು ನಾಲ್ಕು ಸಲ ಗುಡ್ಡ ಹತ್ತಿ ನಾಲ್ಕು ಸಲ ಅದೇ ದೋಣಿಯ ಮುಂದೆ ಇಳಿದ. ಕೊನೆಗೆ ಕಣ್ಣೀರು ಹಾಕಿ, ನನ್ನ ಪಾಸ್‌ಪೋರ್ಟ್, ಟಿಕೆಟ್ಟಿನ ಕಾಗದ ಎಲ್ಲ ನನ್ನ ಕೈಗೆ ಕೊಟ್ಟು, ಗಡದಲ್ಲಿ ನನ್ನ ಮಗಳಿಗೆ ಸುದ್ದಿ ಮುಟ್ಟಿಸುತ್ತೇನೆ ಅಂತ ಹೊರಟುಹೋದ. ನನಗೆ ಇದ್ದ ಚಿಂತೆ ಅದೊಂದೇ, ಮಗಳದು. ದಾಕ್ಷಾಯಣಿಗೆ ಆಗ ಏಳು ತಿಂಗಳು, ಚೊಚ್ಚಲು. ಗಂಡನ ಮನೆಯಿಂದ ಕರೆತಂದು ನನ್ನ ಮನೆಯಲ್ಲಿ ಕೂರಿಸಿ, ನಾದಿನಿ ಕಸ್ತೂರೆವ್ವನ ಕೈಗೆ ಒಪ್ಪಿಸಿ, "ನಾಕ ವಾರದಾಗ ಬರ್ತೀನಿ" ಅಂತ ಹೇಳಿ ಬಂದಿದ್ದೆ. ತಾಯಿಯಾದವಳು ಮಗಳ ಮೊದಲ ಹೆರಿಗೆಗೆ ಇರಲಿಲ್ಲ ಎಂದರೆ ಊರಿನ ಮಾತು ಬೇಡ, ನನ್ನ ಮನಸ್ಸೇ ನನ್ನನ್ನು ಬಿಡುವುದಿಲ್ಲ.

ಕಿಟಕಿ ಬಡಿದ ಅಜ್ಜಿಯ ಹೆಸರು ಇರ್ಮೇಲಾ. ನನ್ನನ್ನು ಮನೆಯಲ್ಲಿ ಇರಿಸಿಕೊಂಡಳು. ಅವರ ಭಾಷೆ ನನಗೆ ಕಲಿಸಿ ಬರಲಿಲ್ಲ, ಅಡುಗೆಮನೆಯಲ್ಲಿ ಉಪ್ಪು ನೀರು ಬೆಂಕಿ ಅನ್ನುತ್ತ ಅನ್ನುತ್ತ ತಾನಾಗಿ ಬಂತು. ಈಗ ಹೇಳುವಾಗ ಅವರ ಮಾತು ನನ್ನ ಬಾಯಲ್ಲಿ ನಮ್ಮೂರ ಮಾತಾಗಿಯೇ ಹೊರಡುತ್ತದೆ, ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

"ನೋಡು ತಂಗಿ," ಅಂದಳು ಇರ್ಮೇಲಾ ನಾನು ಇಳಿದ ದಿನವೇ, ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ, "ಇಲ್ಲಿ ಒಲಿ ಹಚ್ಚಿದಾಕಿ ನೀನ. ಈ ಊರಾವ್ರು ಯಾರರ ನಿನ್ನ ಅಡಿಗಿ ಉಂಡು, ತಾವಾಗೇ ಬಾಯಿಬಿಟ್ಟು, ಇನ್ನೊಂದೀಟು ಹಾಕು ಅನಬೇಕು. ಅಂದ್ರ ದಾರಿ ತೆರೀತೈತಿ. ಒಮ್ಮೆ ತೆರೀತಂದ್ರ ಮತ್ತ ಮುಚ್ಚೂದಿಲ್ಲ."

"ಊರಾವ್ರು ಅಂದ್ರ ಯಾರು?"

"ಒಂದು ತಿಂಗಳು ಇಲ್ಲೇ ಮಲಗಿ ಎದ್ದಾವ್ರೆಲ್ಲ ಊರಾವ್ರ."

ನಾನು ನಕ್ಕುಬಿಟ್ಟೆ. "ಇಪ್ಪತ್ತೆಂಟು ವರ್ಷ ಜನಕ್ಕ ಉಣಿಸೀನಿ ಯವ್ವಾ. ನಾಳಿ ಮಧ್ಯಾಹ್ನಕ್ಕ ಹೊಂಟೆ ನೋಡು."

ಅವತ್ತು ಅವಳೇ ಊಟ ಹಾಕಿದಳು. ಮಾಂಸ, ಮೊಟ್ಟೆ, ಮೀನು ಯಾವುದೂ ತಿನ್ನುವುದಿಲ್ಲ ಎಂದು ನಾನು ಅಂದದ್ದಕ್ಕೆ ನನ್ನ ಹಣೆ ಮುಟ್ಟಿ ನೋಡಿ, "ಏನರ ಬ್ಯಾನಿ ಐತೇನು?" ಅಂತ ಕೇಳಿದಳು. ಆಮೇಲೆ ಕಪ್ಪು ಹಿಟ್ಟನ್ನು ಮೂರು ದಿನ ಹುಳಿ ಬರಿಸಿ ಕಾಸಿದ ಗಂಜಿ ಕೊಟ್ಟಳು. ಮೊದಲ ಗುಟುಕಿಗೆ ನನ್ನ ಕಣ್ಣು ಅರಳಿದವು. ನಮ್ಮ ಅಂಬಲಿಯೇ, ಬೇರೆ ಸೀರೆ ಉಟ್ಟುಕೊಂಡು ಬಂದ ಹಾಗೆ. ಹತ್ತೊಂಬತ್ತು ದಿನ ಪರದೇಶ ತಿರುಗಿದ್ದೆ, ನನ್ನ ಪಾತ್ರೆಯ ಹೊರಗಿನದು ಒಂದು ತುತ್ತೂ ತಿಂದಿರಲಿಲ್ಲ. ಅದರ ಜೊತೆ ಒಂದು ಕಪ್ಪು ಧಾನ್ಯದ ಅನ್ನ, ನವಣೆಯ ಹಾಗೆ ಉದುರುದುರು. ಬೆಣ್ಣೆಯಲ್ಲಿ ಕರಿದ ಈರುಳ್ಳಿ. ಎರಡು ದಿನ ಕುದಿಸಿದ, ಸಕ್ಕರೆ ಕಾಣದ, ಟಾರಿನಂತೆ ಕಪ್ಪಾದ ಹಣ್ಣಿನ ರಸ. ಬಟ್ಟಲು ಖಾಲಿಯಾದದ್ದು ನೋಡಿ ಅವಳು ಸುಮ್ಮನೆ ಕೂತಿದ್ದಳು. ಇವರಿಗೆ ಬಡಿಸುವ ರೀತಿಯೇ ಗೊತ್ತಿಲ್ಲ ಅಂದುಕೊಂಡು ನಾನೂ ಸುಮ್ಮನೆ ಎದ್ದೆ.

ಮರುದಿನ ನಾನು ಊಟಕ್ಕೆ ಕರೆದೆ. ಬಸ್ಸಿನಿಂದ ಇಳಿಸಿಕೊಂಡ ಹನ್ನೆರಡು ಕಿಲೋ ಜೋಳದ ಹಿಟ್ಟು ಇತ್ತು, ಶೇಂಗಾ ಇತ್ತು, ಖಾರ ಇತ್ತು. ಅವರ ಸಂತೆಯಲ್ಲಿ ಕೈಬೆರಳಿನಷ್ಟುದ್ದದ ಬದನೆಕಾಯಿ ಸಿಕ್ಕವು. ಎಣ್ಣೆಗಾಯಿ ಮಾಡಿ, ಬಿಸಿ ರೊಟ್ಟಿ ಬಡಿದು, ಮೇಲೆ ಬೆಣ್ಣೆ ಇಟ್ಟು ಹತ್ತು ಜನರಿಗೆ ಬಡಿಸಿದೆ. ರೊಟ್ಟಿ ಬಡಿಯುವ ಸಪ್ಪಳಕ್ಕೇ ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಉಂಡರು ಅಂದರೆ ಹೇಗೆ ಉಂಡರು! ಹಂಚಿನ ಮನೆಗಳಿಗೆ ಚಾವಣಿ ಹೊದಿಸುವ ಬಾರ್ತೊಲ್ ಅಂತ ಒಬ್ಬ ದೊಡ್ಡ ಮೈಯವನು ಇದ್ದ. ಅವನೊಬ್ಬನೇ ಆರು ರೊಟ್ಟಿ ಮುಗಿಸಿ ತಟ್ಟೆಯ ಎಣ್ಣೆಯನ್ನು ಬೆರಳಿಂದ ಒರೆಸಿದ. ನಾನು ಖುಷಿಯಿಂದ ಪಾತ್ರೆ ತೊಳೆದು, ಚೀಲ ಕಟ್ಟಿ, ಎಲ್ಲರಿಗೂ ಕೈಮುಗಿದು ಹೊರಟೆ. ಸುಣ್ಣದ ಭಟ್ಟಿ, ತಿರುವು, ಇಳಿಜಾರು, ಕಲ್ಲಿನ ದೋಣಿ. ಇರ್ಮೇಲಾ ದೋಣಿಯ ಹತ್ತಿರವೇ ಕೂತು ನನ್ನನ್ನು ಕಾಯುತ್ತಿದ್ದಳು.

"ಆರು ರೊಟ್ಟಿ ತಿಂದಾನಲ್ಲ!" ಅಂದೆ.

"ತಿಂದಾನ. ಕೇಳಲಿಲ್ಲ."

ಅವಳಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ಸಂಜೆ ಉಣ್ಣುವಾಗ ಉಳಿದ ಒಂದು ರೊಟ್ಟಿ ತಿಂದು, "ಇನ್ನೊಂದೀಟು ಹಾಕು" ಅಂದಳು, ನನ್ನ ಮಗಳಿಗೋಸ್ಕರ. ಓಡಿಹೋಗಿ ನೋಡಿದೆ. ಕನಿಕರದಿಂದ ಕೇಳಿದ ಮಾತು ಆ ದಾರಿಗೆ ಕೇಳಿಸುವುದಿಲ್ಲ.

ಹಾಗೆ ದಿನ ಉರುಳಿದವು. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಗುಡ್ಡ ಹತ್ತುವುದು, ದೋಣಿಯ ಮುಂದೆ ಇಳಿಯುವುದು, ಆಮೇಲೆ ಒಲೆ ಹಚ್ಚುವುದು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಹೊರಗೆ ನೋಡಬೇಕು. ಊರಿನವರಿಗೆ ನನ್ನ ನಡಿಗೆ ನೋಡಿ ನೋಡಿ ರೂಢಿಯಾಯಿತು. ನಾನು ಗುಡ್ಡದಿಂದ ಇಳಿಯುವುದು ನೋಡಿ ರೊಟ್ಟಿ ಅಂಗಡಿಯವನು ಬಾಗಿಲು ತೆಗೆಯುತ್ತಿದ್ದ. ಅವರಿಗೆ ಆ ದಾರಿ ದೊಡ್ಡ ಸಂಗತಿಯೇ ಅಲ್ಲ. ಊರಲ್ಲಿ ಹುಟ್ಟಿದವರು ಸಣ್ಣವರಿದ್ದಾಗಲೇ ಏನೋ ಒಂದು ಬೇಯಿಸಿರುತ್ತಾರೆ, ಅಣ್ಣನೋ ಅಜ್ಜನೋ ಇನ್ನೊಂದು ಕೇಳಿರುತ್ತಾರೆ, ದಾರಿ ತೆರೆದಿರುತ್ತದೆ. ಹೊರಗಿನಿಂದ ಬಂದ ಸೊಸೆಯರದೇ ಫಜೀತಿ. ಸೊಸೆ ತವರಿಗೆ ಹೋಗುವುದು ಬೇಡವಾದ ಅತ್ತೆಯರು ತುಟಿ ಬಿಗಿಹಿಡಿದು ಉಣ್ಣುತ್ತಾರೆ. ಗಂಡನಿಗೆ ಹೆಂಡತಿಯ ಮೇಲೆ ನಿಜವಾದ ಮಮತೆ ಇದೆಯೋ ಇಲ್ಲವೋ ಎಂದು ಓಣಿಯವರು ಅವನ ಎರಡನೆಯ ಬಟ್ಟಲಿನಿಂದ ತಿಳಿಯುತ್ತಾರೆ. ಒಬ್ಬ ಸೊಸೆ ಏಳು ವರ್ಷ ಉಪ್ಪಿಲ್ಲದ ಸೊಪ್ಪು ಬೇಯಿಸಿ ಹಾಕಿ, ಒಂದು ದಿನ ಇದ್ದಕ್ಕಿದ್ದಂತೆ ಉಪ್ಪು ಹಾಕಿದಳಂತೆ. ಅತ್ತೆ ಮೈಮರೆತು ಕೇಳಿಬಿಟ್ಟಳಂತೆ. ಸೊಸೆ ಸೌಟನ್ನೂ ಕೆಳಗಿಡದೆ ಹೋದಳು ಅಂತ ಇರ್ಮೇಲಾ ಕಣ್ಣಲ್ಲಿ ನೀರು ಬರುವಂತೆ ನಕ್ಕು ಹೇಳಿದಳು.

ಫೋನು ಮಾತ್ರ ಹತ್ತುತ್ತಿತ್ತು. ಅದರ ಚಾರ್ಜರಿನ ಪಿನ್ನು ಸಡಿಲ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪಿನ್ನು ಒತ್ತಿ ಹಿಡಿದರೆ ಮಾತು, ಬಿಟ್ಟರೆ ಬಂದ್.

"ಯವ್ವಾ, ಎಲ್ಲಿ ಅದೀಬೇ?" ಅನ್ನುತ್ತಿದ್ದಳು ದಾಕ್ಷಾಯಣಿ.

"ಇಲ್ಲೇ ಅದೀನವ್ವಾ. ಉಂಡಿ?"

"ಅತ್ತಿ ಹಾಕ್ತಾಳ. ನಿನ್ನಂಗ ಬಡಿದು ಬಡಿದು ಹಾಕೂದಿಲ್ಲ. ಈ ತಿಂಗಳದಾಗರ ಬರ್ತಿ?"

"ಬರ್ತೀನಿ." ಇನ್ನೇನು ಹೇಳಲಿ?

ಊರಿನ ಕೊನೆಯ ತಿರುವಿನಲ್ಲಿ ತಿರುನೇಶ್ ಎಂಬವಳ ಅಂಗಡಿ ಇತ್ತು. ಆಫ್ರಿಕದ ಕಡೆಯವಳು, ನಲವತ್ತರ ಹೆಂಗಸು. ಅಣ್ಣನ ಮದುವೆಗೆ ಹೊರಟವಳು ಈ ಊರಲ್ಲಿ ಬಸ್ಸು ನಿಂತಾಗ ಕಾಫಿ ಬೀಜ ಹುರಿಯಲು ಒಲೆ ಹಚ್ಚಿದ್ದಳು, ಅಷ್ಟೇ. ನಾಲ್ಕು ವರ್ಷ ಆಗಿತ್ತು, ಅಣ್ಣನಿಗೆ ಎರಡು ಮಕ್ಕಳಾಗಿದ್ದವು. ಅವಳು ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ, ದೊಡ್ಡ ಮಣ್ಣಿನ ಹಂಚಿನ ಮೇಲೆ ಮೊರದಷ್ಟು ಅಗಲದ ದೋಸೆ ಹುಯ್ಯುತ್ತಿದ್ದಳು. ಒಂದೇ ಮಗ್ಗುಲು ಬೇಯುತ್ತಿತ್ತು, ಮೇಲೆಲ್ಲ ಕಣ್ಣು. ಅದರ ನಡುವೆ ಕಡಲೆಹಿಟ್ಟಿನ ಖಾರದ ಪಲ್ಯ ಸುರಿದು ಕೊಟ್ಟಾಗ ನಾನು ಅವಳ ಮುಖ ನೋಡಿದೆ. "ಇದು ನಮ್ಮ ಝುಣಕ!" ಅಂದೆ. "ಇಲ್ಲ, ನಮ್ಮ ಶಿರೋ" ಅಂದಳು. ಅವತ್ತಿನಿಂದ ಗೆಳತಿಯರಾದೆವು. ನನ್ನ ಹಿಟ್ಟು ಮುಗಿಯುತ್ತ ಬಂದಾಗ ಕಡಲೆಹಿಟ್ಟು ಅವಳೇ ಕೊಟ್ಟಳು.

ನಾನು ಆ ಊರಿಗೆ ಬಂದು ಒಂದು ತಿಂಗಳು ದಾಟಿತ್ತು. ಒಂದು ಮಧ್ಯಾಹ್ನ ಅವಳ ಅಂಗಡಿಯಲ್ಲಿ ಬಾರ್ತೊಲ್ ಉಣ್ಣುತ್ತಿದ್ದ. ನಾನು ಮೂಲೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದೆ. ಅವನ ಮುಂದಿನದು ಮುಗಿಯುತ್ತ ಬಂತು. ಅವನು ಹಂಚಿನ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ತಿರುನೇಶ್ ನಗುತ್ತ ಒಂದು ತುತ್ತು ಇಟ್ಟಳು. ಅದನ್ನು ನುಂಗಿ ಮತ್ತೆ ಬಾಯಿ ತೆರೆದ. ಮತ್ತೊಂದು ತುತ್ತು. ಅವರ ಕಡೆ ಅದೇ ಪದ್ಧತಿಯಂತೆ; ಅತಿಥಿಗೆ ಕೈತುತ್ತು ಕೊಡದಿದ್ದರೆ ಪ್ರೀತಿ ಇಲ್ಲ ಅಂತ ಅರ್ಥವಂತೆ.

ನನ್ನ ಕೈಯಲ್ಲಿನ ಶೇಂಗಾ ಬುಟ್ಟಿ ಜಾರಿತು. ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಇದನ್ನೇ ಅಲ್ಲವೇ? ನಮ್ಮ ಖಾನಾವಳಿಯಲ್ಲಿ ರೊಟ್ಟಿ ಅರ್ಧ ಆಗುವುದರೊಳಗೆ ಇನ್ನೊಂದು ಬಿದ್ದಿರಬೇಕು. "ಸಾಕ್ರಿ" ಅಂದರೆ "ಏನ್ ಸಾಕ್ರಿ, ದುಡಿಯೂ ಮೈ" ಅಂತ ಎರಡು ಹಾಕಬೇಕು. ಕೈ ಅಡ್ಡ ಹಿಡಿದರೆ ಕೈ ಸಂದಿಯಲ್ಲಿ ಪಲ್ಯ ಸುರಿಯಬೇಕು. ಕೇಳಿ ಹಾಕಿಸಿಕೊಳ್ಳುವ ಪ್ರಸಂಗ ಬಂತು ಅಂದರೆ ಬಡಿಸುವವಳಿಗೆ ಅವಮಾನ. ನನ್ನ ಎದುರು ಕೂತು ಉಂಡವರಿಗೆ ಯಾರಿಗೂ ನಾನು ಕೇಳಲು ಪುರಸೊತ್ತೇ ಕೊಟ್ಟಿರಲಿಲ್ಲ.

ಬಾರ್ತೊಲ್ ಹೋದ ಮೇಲೆ ಹೇಳಿದೆ. "ತಿರುನೇಶ್, ನಮ್ಮ ದಾರಿಗೆ ಅಡ್ಡ ನಿಂತದ್ದು ನಮ್ಮ ಕೈನ ನೋಡು."

ಅವಳಿಗೆ ಸಿಟ್ಟು ಬಂತು. "ನನ್ನ ಕೈಗೆ ಯಾಕ ಅಂತಿ? ನೀ ಬಡಸೂದು ನಾ ನೋಡಿಲ್ಲೇನು? ಗಾಡಿಗೆ ಮಣ್ಣು ತುಂಬಿದಂಗ ಇರ್ತೈತಿ."

"ಅದನ್ನ ಹೇಳಾಕತ್ತೀನಿ. ಇಬ್ಬರದೂ ಒಂದ ರೋಗ."

ಮರುದಿನದಿಂದ ಇಬ್ಬರೂ ಪಥ್ಯ ಹಿಡಿದೆವು. ತಿರುನೇಶ್ ಎರಡು ದಿನದಲ್ಲಿ ಬಿಟ್ಟಳು. "ಉಣ್ಣಾವ್ರನ್ನ ಸುಮ್ಮನ ನೋಡಿಕೋತ ಕೂಡೂದಾ? ಹಿಂಗ ಉಣಿಸೂದಕಿಂತ ಇಲ್ಲೇ ಸಾಯೂದು ಛಲೋ" ಅಂದು ಮತ್ತೆ ತುತ್ತು ಇಡತೊಡಗಿದಳು. ನನಗೆ ಬಿಡುವ ಹಾಗಿರಲಿಲ್ಲ. ಎರಡು ರೊಟ್ಟಿ, ಒಂದು ಸೌಟು ಪಲ್ಯ ಹಾಕಿ, ಎದುರಿಗೆ ಕೂತು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಹೆರುವವಳಿಗಾದರೂ ಅಷ್ಟು ಸಂಕಟ ಇರಲಿಕ್ಕಿಲ್ಲ. ತಟ್ಟೆ ಖಾಲಿಯಾಗುವುದು ಕಾಣುತ್ತಿದೆ, ಬುಟ್ಟಿಯಲ್ಲಿ ರೊಟ್ಟಿ ಬಿಸಿ ಇದೆ, ಕೈ ತೊಡೆಯ ಕೆಳಗೆ ಮೀನಿನ ಹಾಗೆ ಒದ್ದಾಡುತ್ತಿದೆ. ಬಾರ್ತೊಲ್ ಖಾಲಿ ತಟ್ಟೆ ನೋಡುತ್ತಾನೆ. ಬುಟ್ಟಿ ನೋಡುತ್ತಾನೆ. ಆಮೇಲೆ ಬಾಯಿ ಒರೆಸಿಕೊಂಡು, "ಛಲೋ ಆತು" ಅಂತ ಎದ್ದು ಹೋಗುತ್ತಾನೆ. ಹೀಗೇ ಒಂಬತ್ತು ದಿನ.

ಹತ್ತನೆಯ ದಿನ ನಾನೇ ಕೇಳಿದೆ. "ಬಾರ್ತೊಲ್ ಅಣ್ಣಾ, ಖರೇ ಹೇಳು. ರುಚಿ ಇಲ್ಲೇನು?"

ಅವನು ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತ. "ರುಚಿ ಐತಿ. ಅದಕ್ಕ ಬಾಯಿ ಬಿಗಿಹಿಡೀತೀನಿ. ನಾ ಕೇಳಿದ್ರ ನೀ ಹೋಗ್ತಿ. ನಾಳಿ ಮಧ್ಯಾಹ್ನ ನಾ ಎಲ್ಲಿ ಉಣ್ಣಲಿ?"

"ನನ್ನ ಮಗಳು ದಿನ ತುಂಬಿ ಕುಂತಾಳೋ!"

ಅವನ ಮುಖ ಕೆಂಪಾಯಿತು. ಒಳ್ಳೆಯವನೇ. ಮರುದಿನ ಬಂದವನು ಉಂಡು ಮುಗಿಸಿ, ಓಣಿಗೆಲ್ಲ ಕೇಳುವಂತೆ "ಇನ್ನೊಂದೀಟು ಹಾಕವ್ವಾ!" ಅಂದ. ನಾನು ಗುಡ್ಡದ ತನಕ ಓಡಿದೆ. ದೋಣಿಯ ಮುಂದೆ ಇಳಿದಾಗ ಅವನು ಅಲ್ಲೇ ತಲೆ ತಗ್ಗಿಸಿ ನಿಂತಿದ್ದ. ನಾಚಿಕೆಯಿಂದ ಕೇಳಿದ ಮಾತೂ ಆ ದಾರಿಗೆ ಕೇಳಿಸುವುದಿಲ್ಲ. ಅಷ್ಟೊತ್ತಿಗೆ ನನ್ನ ಮಗಳ ಸುದ್ದಿ ಊರಿನವರಿಗೆಲ್ಲ ಗೊತ್ತಾಗಿತ್ತು. ಎದುರು ಬಂದವರೆಲ್ಲ ಮರುಕದಿಂದ ಉಣ್ಣುತ್ತಿದ್ದರು, ಮರುಕದಿಂದ ಕೇಳುತ್ತಿದ್ದರು. ನನ್ನ ಗೋಳು ಹೇಳಿಕೊಂಡು ಹೇಳಿಕೊಂಡು ನನ್ನ ದಾರಿಗೆ ನಾನೇ ಕದ ಹಾಕಿಕೊಂಡಿದ್ದೆ.

ಜೋಳದ ಹಿಟ್ಟು ಮುಗಿಯಿತು. ಅವರ ಕಪ್ಪು ಹಿಟ್ಟಿನಲ್ಲೇ ರೊಟ್ಟಿ ಬಡಿದೆ. ಅಂಚು ಒಡೆಯುತ್ತಿತ್ತು, ಆದರೂ ಏಳುತ್ತಿತ್ತು.

ಒಂದು ಬೆಳಿಗ್ಗೆ ಕಸ್ತೂರೆವ್ವನ ಫೋನು ಬಂತು. "ವೈನಿ, ನೋವು ಸುರು ಆಗ್ಯಾವು. ದವಾಖಾನಿಗೆ ಹೊಂಟೀವಿ. ನೀ ಅಂಜಬ್ಯಾಡ" ಅಂದಳು. ಹಿಂದಿನಿಂದ ದಾಕ್ಷಾಯಣಿ "ಯವ್ವಾ" ಅಂದದ್ದು ಕೇಳಿಸಿತು. ಪಿನ್ನು ಜಾರಿ ಫೋನು ಆರಿತು.

ಅವತ್ತು ನಾನು ಹನ್ನೊಂದು ಸಲ ಗುಡ್ಡ ಹತ್ತಿದೆ. ಓಡಿ ನೋಡಿದೆ, ಹಿಂದುಮುಂದಾಗಿ ನಡೆದು ನೋಡಿದೆ, ದಾರಿ ಬಿಟ್ಟು ಮುಳ್ಳಿನಲ್ಲಿ ನುಗ್ಗಿ ನೋಡಿದೆ. ಹನ್ನೊಂದು ಸಲವೂ ಅದೇ ದೋಣಿ, ಅದೇ ನೀರು. ಒಲೆ ಹಚ್ಚಲಿಲ್ಲ. ಒಂದು ತುತ್ತು ತಿನ್ನಲಿಲ್ಲ. ಇರ್ಮೇಲಾ ಗಂಜಿ ತಂದಿಟ್ಟಳು, ಅದು ಆರಿ ಕೆನೆಗಟ್ಟಿತು.

ಮಾರನೆಯ ದಿನ ಮಧ್ಯಾಹ್ನ ತಿರುನೇಶ್ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ದೊಡ್ಡ ದೋಸೆ ಬಿಚ್ಚಿ, ನಡುವೆ ಶಿರೋ ಹಾಕಿ ನನ್ನ ಮುಂದಿಟ್ಟಳು. ತುತ್ತು ಇಡಲು ಕೈ ಚಾಚಿದಳು ಕೂಡ. ಅಷ್ಟರಲ್ಲಿ ಫೋನು ಬಡಿಯಿತು. ನನ್ನ ಅವಸರಕ್ಕೆ ಪಿನ್ನು ನಿಲ್ಲಲಿಲ್ಲ. ಅವಳೇ ಕಸಿದುಕೊಂಡು, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪಿನ್ನು ಒತ್ತಿ ನನ್ನ ಕಿವಿಗೆ ಹಿಡಿದಳು.

"ವೈನಿ, ಹೆಣ್ಣು!" ಅಂದಳು ಕಸ್ತೂರೆವ್ವ. "ಇಬ್ಬರೂ ಆರಾಮ ಅದಾರ. ಕೇಳು, ಕೇಳು, ಅಳೂದು ಕೇಳು."

ಕೂಸಿನ ದನಿ ಕೇಳಿದೊಡನೆ ನನಗೆ ಹಸಿವಾಯಿತು. ಎಂಥ ಹಸಿವು ಎಂದರೆ ಹೊಟ್ಟೆಯೊಳಗೆ ಯಾರೋ ಕೈ ಹಾಕಿ ಎಳೆದ ಹಾಗೆ. ಕಸ್ತೂರೆವ್ವ ಎಷ್ಟು ಹೊತ್ತಿಗೆ ಆಯಿತು, ಡಾಕ್ಟರ್ ಏನಂದರು, ಮೂಗು ಯಾರ ಹಾಗಿದೆ ಅಂತ ಹೇಳುತ್ತಿದ್ದಳು. ನಾನು ಹೂಂ ಹೂಂ ಅನ್ನುತ್ತ, ಅಳುತ್ತ, ಎರಡೂ ಕೈಯಲ್ಲಿ ಮುರಿದು ತಿನ್ನುತ್ತಿದ್ದೆ. ಆ ಹುಳಿ ದೋಸೆ, ಆ ಖಾರ, ನಾಲಗೆಗೆ ಹತ್ತುವ ಕಡಲೆಹಿಟ್ಟು. ನನ್ನ ಜೀವಮಾನದಲ್ಲಿ ಅಂಥ ಊಟ ಉಂಡಿಲ್ಲ. ಮುಗಿಯಿತು. ತಲೆ ಎತ್ತದೆಯೇ ಅಂದೆ, "ಇನ್ನೊಂದೀಟು ಹಾಕಬೇ."

ಯಾರೂ ಹಾಕಲಿಲ್ಲ. ತಲೆ ಎತ್ತಿದರೆ ತಿರುನೇಶ್ ಫೋನು ಹಿಡಿದುಕೊಂಡೇ ಕಲ್ಲಾಗಿದ್ದಳು.

ನನ್ನ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು. ಹುಡುಗಿಯಿದ್ದಾಗ ಅಣ್ಣಂದಿರು ಉಂಡ ಮೇಲೆ ಉಂಡೆ, ಲಗ್ನವಾದ ಮೇಲೆ ಮನೆಯವರೆಲ್ಲ ಉಂಡ ಮೇಲೆ ಉಂಡೆ, ಖಾನಾವಳಿಯಲ್ಲಿ ಗಿರಾಕಿಗಳೆಲ್ಲ ಎದ್ದ ಮೇಲೆ ತಳ ಕೆರೆದು ಉಂಡೆ. ಕೊನೆಗೆ ಕೂತು ಉಣ್ಣುವವಳು ಇನ್ನೊಂದೀಟು ಹಾಕು ಅಂತ ಯಾರನ್ನು ಕೇಳಬೇಕು? ಒಂದು ತಿಂಗಳು ಅಲ್ಲೇ ಮಲಗಿ ಎದ್ದು ನಾನೂ ಆ ಊರಿನವಳಾಗಿದ್ದೆ ಎಂಬುದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

"ಕೇಳಿದಿ," ಅಂದಳು ತಿರುನೇಶ್. ಫೋನು ಹಾಸಿಗೆಯ ಮೇಲೆ ಬಿತ್ತು, ಕೂಸಿನ ಅಳು ನಿಂತಿತು. "ನೀ ಕೇಳಿದಿ." ಅವಳು ಬಾಗಿಲು ದಾಟಿ ಮೊದಲು ನಡೆದಳು, ಆಮೇಲೆ ಓಡಿದಳು. ನಾನು ದೋಣಿಯ ಹತ್ತಿರ ಬಂದು ನಿಂತೆ. ಸುಣ್ಣದ ಭಟ್ಟಿ ದಾಟಿದಳು, ತಿರುವಿನಲ್ಲಿ ಅವಳ ಬಿಳಿ ಶಾಲು ಕಂಡಿತು, ಆಮೇಲೆ ಕಾಣಲಿಲ್ಲ. ಇಳಿದು ಬರುವ ಹೊತ್ತಾಯಿತು. ಬರಲಿಲ್ಲ. ಸಂಜೆಯ ತನಕ ಬರಲಿಲ್ಲ. ಬಾರ್ತೊಲ್, ಇರ್ಮೇಲಾ ಎಲ್ಲ ಬಂದು ದೋಣಿಯ ಸುತ್ತ ಕೂತು, ನಾಲ್ಕು ವರ್ಷ ಇದ್ದವಳು ಹೋದಳಲ್ಲ ಅಂದರು.

ಮರುದಿನ ಬೆಳಿಗ್ಗೆ ನಾನು ಗುಡ್ಡ ಹತ್ತಲಿಲ್ಲ. ಒಲೆ ಹಚ್ಚಿ, ಯಾಕೆ ಅಂತ ಗೊತ್ತಿಲ್ಲದೆ ಝುಣಕ ತಿರುವಿ, ಕಪ್ಪು ಹಿಟ್ಟಿನ ನಾಲ್ಕು ರೊಟ್ಟಿ ಬಡಿದಿಟ್ಟೆ. ತಿನ್ನುವ ಮನಸ್ಸಾಗಲಿಲ್ಲ. ಅವೂ ಆರಿದವು. ಬಿಸಿಲು ಏರಿದಾಗ ಬಾಗಿಲಲ್ಲಿ ನೆರಳು ಬಿತ್ತು. ತಿರುನೇಶ್! ಮೈಯೆಲ್ಲ ಧೂಳು, ಚಪ್ಪಲಿ ಕೈಯಲ್ಲಿ, ಹಿಮ್ಮಡಿ ಒಡೆದು ರಕ್ತ.

"ಗುಡ್ಡದ ಆಚೆ ಊರೈತಿ," ಅಂದಳು ಕುಸಿದು ಕೂರುತ್ತ. "ಬಸ್ ನಿಲ್ತಾವು. ಬಸ್ಸಿನ ಮೆಟ್ಟಿಲ ಮ್ಯಾಲ ಕಾಲಿಟ್ಟೆ. ನನ್ನ ಹಂಚು ಇಲ್ಲೇ ಐತಿ ಅಂತ ನೆನಪಾತು. ಅದಿಲ್ಲದ ಅಣ್ಣನ ಮನಿಗೆ ಏನಂತ ಹೋಗಲಿ?"

"ಒಂದು ಹಂಚಿಗೋಸ್ಕರ ರಾತ್ರಿಯೆಲ್ಲ ನಡೆದು ಬಂದಿ?"

"ನನ್ನವ್ವಂದು ಅದು. ತಿನ್ನಾಕ ಏನರ ಐತೇನು?"

ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟು ಬಂದಿತ್ತು. ಇವಳು ತೆರೆದ ದಾರಿ ಬಿಟ್ಟು ಹಂಚಿಗೆ ಬರುತ್ತಾಳೆ, ನಾನು ಇಲ್ಲಿ ಬಾಣಂತಿ ಮಗಳ ಮುಖ ಕಾಣದೆ ಸಾಯುತ್ತಿದ್ದೇನೆ. ನನ್ನ ಬಾಯಿ ಇವಳನ್ನು ಬಿಡಿಸಿತು, ನನ್ನನ್ನು ಬಿಡಿಸುವ ಬಾಯಿ ಇಲ್ಲ. ಒಂದು ತಣ್ಣನೆಯ ರೊಟ್ಟಿ, ಒಂದು ಚಮಚ ಝುಣಕ ತಟ್ಟೆಗೆ ಹಾಕಿ ಅವಳ ಮುಂದೆ ಕುಕ್ಕಿದೆ. ಬೆನ್ನು ತಿರುಗಿಸಿ ಪಾತ್ರೆ ತಿಕ್ಕಲು ಕೂತೆ. ಇಪ್ಪತ್ತೆಂಟು ವರ್ಷದಲ್ಲಿ ಉಣ್ಣುವವರಿಗೆ ನಾನು ಬೆನ್ನು ಕೊಟ್ಟದ್ದು ಅದೊಂದೇ ಸಲ. ಬೂದಿ ಹಚ್ಚಿ ಗಸಗಸ ತಿಕ್ಕುತ್ತಿದ್ದೆ. ಹಿಂದೆ ರೊಟ್ಟಿ ಮುರಿಯುವ ಸಪ್ಪಳ, ಅಗಿಯುವ ಸಪ್ಪಳ, ಬೆರಳು ನೆಕ್ಕುವ ಸಪ್ಪಳ.

"ಇನ್ನೊಂದೀಟು ಐತೇನು?"

ಕೈಯಲ್ಲಿನ ಪಾತ್ರೆ ಉರುಳಿ ಗೋಡೆಯ ತನಕ ಹೋಯಿತು. ನಾನು ತಿರುಗಿದೆ. ತಿರುನೇಶಳಿಗೆ ತಾನು ಏನಂದೆ ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಖಾಲಿ ತಟ್ಟೆ ಮುಂದೆ ಚಾಚಿ, ಗಲ್ಲಕ್ಕೆ ಝುಣಕ ಹತ್ತಿಸಿಕೊಂಡು ಕೂತಿದ್ದಳು.

ಬುಟ್ಟಿಯಲ್ಲಿದ್ದ ಮೂರೂ ರೊಟ್ಟಿ ಅವಳ ತಟ್ಟೆಗೆ ಹಾಕಿದೆ. "ಸಾಕು, ಸಾಕು" ಅಂದಳು. "ಏನ್ ಸಾಕು, ನಡೆಯೂ ಮೈ" ಅಂತ ಪಾತ್ರೆಯಲ್ಲಿದ್ದ ಝುಣಕವನ್ನೆಲ್ಲ ಮೇಲೆ ಸುರಿದೆ. ಆಮೇಲೆ ಇಬ್ಬರೂ ಕೂತು ಅತ್ತೆವು.

ಹೊರಡುವಾಗ ಬಾರ್ತೊಲ್ ನನ್ನ ಕುಕ್ಕರು, ತಿರುನೇಶಳ ಹಂಚು ಎರಡನ್ನೂ ಹೊತ್ತು ತಿರುವಿನ ತನಕ ಬಂದ. ಇರ್ಮೇಲಾ ಹುಳಿ ಹಿಟ್ಟಿನ ಒಂದು ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟು, "ಬಾಣಂತಿಗೆ ಹಾಕಬ್ಯಾಡ, ಹುಳಿ ಆಗ್ತೈತಿ" ಅಂತ ನನಗೇ ಬುದ್ಧಿ ಹೇಳಿದಳು. ದಾರಿಗೆಂದು ಬಡಿದಿದ್ದ ರೊಟ್ಟಿಯಲ್ಲಿ ಒಂದನ್ನು ಬಾರ್ತೊಲ್‌ಗೆ ಕೊಟ್ಟೆ. ನಿಂತಲ್ಲೇ ನಾಲ್ಕು ತುತ್ತಿನಲ್ಲಿ ಮುಗಿಸಿ ಮೀಸೆ ಒರೆಸಿಕೊಂಡ. "ಈಗ ಕೇಳಿದ್ರ ಏನಾಗೂದೈತಿ," ಅಂದ. "ಇನ್ನೊಂದು ಕೊಡವ್ವಾ." ಕೊಟ್ಟೆ. ಅದನ್ನು ತಿನ್ನಲಿಲ್ಲ, ಅಂಗಿಯೊಳಗೆ ಇಟ್ಟುಕೊಂಡ.

ತಿರುವು ದಾಟಿ ಇಳಿದೆವು. ಮುಂದೆ ದೋಣಿ ಇರಲಿಲ್ಲ. ಬರೀ ದಾರಿ.

ಐದನೆಯ ದಿನ ಗಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಮನೆಯಲ್ಲಿ ದಾಕ್ಷಾಯಣಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಇರ್ಮೇಲಾಳ ಹಾಗೇ ಕಾಣುತ್ತಿದ್ದಳು. ನನ್ನನ್ನು ನೋಡಿ ಮುಖ ಗೋಡೆಯ ಕಡೆ ಮಾಡಿದಳು. "ಎಲ್ಲಾ ಮುಗದ ಮ್ಯಾಲ ಬಂದಿ" ಅಂದಳು. ಅವಳು ಹೇಳಿದ್ದು ಖರೆ. ಕೂಸನ್ನು ಎತ್ತಿ ಮೂಸಿ ನೋಡಿ ಮಲಗಿಸಿದೆ. ಕಾಲು ತೊಳೆದು ಒಲೆ ಮುಂದೆ ಕೂತೆ. ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಖಾರ, ಮೇಲೆ ತುಪ್ಪ. ತಟ್ಟೆ ಅವಳ ಮುಂದೆ ಇಟ್ಟು ಎದುರಿಗೆ ಕೂತೆ.

ಅವಳು ನನ್ನ ಕಡೆ ನೋಡದೆ ಉಂಡಳು. ರೊಟ್ಟಿ ಅರ್ಧವಾಯಿತು. ಬಾಗಿಲಲ್ಲಿ ನಿಂತ ಕಸ್ತೂರೆವ್ವ "ವೈನಿ, ಹಾಕು, ಸುಮ್ಮನ ಕುಂತೀಯಲ್ಲ, ಆರಾಮಿಲ್ಲೇನು?" ಅಂದಳು. ನಾನು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ರೊಟ್ಟಿ ಕಾಲುಭಾಗವಾಯಿತು. ಮುಗಿಯಿತು. ಅವಳ ಬೆರಳು ತಟ್ಟೆಯ ತುಪ್ಪವನ್ನು ಒಂದು ಸುತ್ತು ಒರೆಸಿತು. ಆಮೇಲೆ ಹೊರಗಿನವರಾರೂ ಇಲ್ಲದ ಹಾಗೆ, ಸಣ್ಣವಳಿದ್ದಾಗ ನೋಡುತ್ತಿದ್ದ ಹಾಗೆ, ತಲೆ ಎತ್ತಿ ನನ್ನನ್ನು ನೋಡಿದಳು.

"ಯವ್ವಾ, ಇನ್ನೊಂದೀಟು ಹಾಕಬೇ."

ರೂಢಿಯ ಪ್ರಕಾರ ನಾನು ಬಾಗಿಲ ಕಡೆ ನೋಡಿದೆ. ಹೊರಗೆ ದಾರಿ ಬಿಸಿಲಲ್ಲಿ ತೆರೆದುಕೊಂಡೇ ಬಿದ್ದಿತ್ತು. ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿದೆ, ಬಾಣಂತಿಗೆ ಗಾಳಿ ತಾಗಬಾರದಲ್ಲ. ಬಂದು ರೊಟ್ಟಿ ಹಾಕಿದೆ.